ನೂಕಿಗೂ ತೂಗಿಗೂ ನಡುವೆ

ನಮ್ಮೂರಿನಲ್ಲಿ ಯಾರಾದರೂ ಮಾತನಾಡುತ್ತಿದ್ದವರು ತಟ್ಟನೆ ಸುಮ್ಮನಾದರೆ ಯಾಕೆ ಅಂತ ಎದುರಿಗಿದ್ದವರು ಕೇಳುವುದಿಲ್ಲ. ಅವರೂ ಸುಮ್ಮನಾಗಿರುತ್ತಾರೆ. ಅಂಗಾಲಿನ ಕೆಳಗೆ ನೆಲ ಒಮ್ಮೆ ಮೆಲ್ಲಗೆ ಒತ್ತಿ ಬಿಟ್ಟಿರುತ್ತದೆ. ಸಂತೆಯ ಗದ್ದಲದಲ್ಲಿ ಹಿಂದಿನವರ ಮೊಣಕೈ ಬೆನ್ನಿಗೆ ತಾಗಿದ ಹಾಗೆ, ಅಷ್ಟೇ. ಅದಕ್ಕೆ ನಾವು ನೂಕು ಅನ್ನುತ್ತೇವೆ. ನೂಕು ಬಂತೆಂದರೆ ಅದರ ಹಿಂದೆ ತೂಗು ಬರಲೇಬೇಕು. ಚಹಾದ ಕಪ್ಪು ಹಿಡಿದವರು ಅದನ್ನು ಎದೆಯ ಹತ್ತಿರ ತಂದುಕೊಳ್ಳುತ್ತಾರೆ, ಏಣಿ ಹತ್ತಿದವರು ಏಣಿಯನ್ನು ಅಪ್ಪಿಕೊಳ್ಳುತ್ತಾರೆ, ಬಜಿ ಕರಿಯುವವರು ಬಾಣಲೆಯಿಂದ ಹಿಂದೆ ಸರಿಯುತ್ತಾರೆ. ಆಮೇಲೆ ತೂಗು ಬಂದು ನೆಲವನ್ನು ಎಡಕ್ಕೆ ಬಲಕ್ಕೆ ಜೋಲಿ ಹೊಡೆಸಿ, ಜಂತಿಗೆ ನೇತುಹಾಕಿದ ಪಾತ್ರೆಗಳನ್ನು ಒಂದಕ್ಕೊಂದು ತಾಗಿಸಿ ಹೊರಟುಹೋಗುತ್ತದೆ. ಮಾತು ನಿಂತಲ್ಲಿಂದ ಮುಂದುವರಿಯುತ್ತದೆ.

ದೂರದಿಂದ ಬಂದದ್ದಾದರೆ ಎರಡರ ನಡುವೆ ಬೀಡಿ ಹಚ್ಚಿಕೊಳ್ಳುವಷ್ಟು ಹೊತ್ತು ಸಿಗುತ್ತದೆ. ಹತ್ತಿರದ್ದಾದರೆ ಉಸಿರು ಎಳೆದುಕೊಳ್ಳುವುದರೊಳಗೆ ತೂಗು ಬಂದು ಹಿಡಿದುಕೊಂಡಿರುತ್ತದೆ. ಯಾವಾಗ ಬರುತ್ತದೆ, ದಿನಕ್ಕೆ ಎಷ್ಟು ಸಲ ಎಂದು ಹೇಳುವ ಹಾಗಿಲ್ಲ. ಎಲ್ಲೋ ಅಪರೂಪಕ್ಕೆ, ತೂಗಿನ ಬೆನ್ನಿಗೇ ಹೊರಳು ಎಂಬುದೊಂದು ಬರುತ್ತದೆ. ಆಗ ನೆಲ ಕೆರೆಯ ನೀರಿನ ಹಾಗೆ ಉಬ್ಬಿ, ಮುಂದೆ ಸರಿದು, ಇಳಿದು, ಹಿಂದಕ್ಕೆ ಬರುತ್ತದೆ. ಅದರ ಮೇಲಿರುವ ಮನೆ, ಮರ, ದನ, ನಾವು, ಎಲ್ಲ ಒಂದು ಸುತ್ತು ಹೋಗಿ ಇದ್ದಲ್ಲಿಗೇ ಬಂದು ನಿಲ್ಲುತ್ತೇವೆ. ಇದಕ್ಕೆಲ್ಲ ಕಾರಣವೇನು ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ನಮಗೆ ಅದನ್ನು ಕೇಳಿಕೊಳ್ಳುವ ಪುರುಸೊತ್ತು ಇರುವುದಿಲ್ಲ.

ಇಂಥ ಊರಿನಲ್ಲಿ ಹಡಪದ ಗದಿಗೆಪ್ಪ ಜನರ ಗಂಟಲ ಮೇಲೆ ಕತ್ತಿ ಆಡಿಸಿ ಬದುಕಿದವನು. ಅವನ ಕಟಿಂಗ್ ಅಂಗಡಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಹಲಗೆಯ ಗೋಡೆ ಒಂದೇ. ನಾನು ಮೌಲಾಲಿ, ಅಂಗಿ ಚಡ್ಡಿ ಕುಪ್ಪಸ ಹೊಲಿಯುವವನು. ನನಗಿಂತ ಅವನು ಹಿರಿಯ, ಅಣ್ಣಾ ಎಂದೇ ಕರೆಯುತ್ತಿದ್ದೆ. ಅಂಗಡಿಯಲ್ಲಿ ತಾನು ನಿಲ್ಲುವಷ್ಟು ಜಾಗದ ಫರಸಿಕಲ್ಲು ಕೀಳಿಸಿ, ಮಣ್ಣಿನ ಮೇಲೆ ಬರಿಗಾಲಿನಲ್ಲಿ ನಿಂತು ಅವನು ಕೆಲಸ ಮಾಡುತ್ತಿದ್ದ. ಗಿರಾಕಿಯ ಕುರ್ಚಿಗೆ ಮಾತ್ರ ಕಾಲಿನ ಕೆಳಗೆ ತೆಂಗಿನ ನಾರಿನ ಮೆತ್ತೆ. ಕುಳಿತವರಿಗೆ ನೂಕು ತಿಳಿಯಬಾರದು, ಅವರು ನಿಶ್ಚಿಂತೆಯಿಂದ ಕಣ್ಣು ಮುಚ್ಚಬೇಕು, ಎಚ್ಚರ ತನ್ನೊಬ್ಬನಿಗೇ ಇರಲಿ ಎಂಬುದು ಅವನ ರೀತಿ. ನೂಕು ಬಂದ ಕೂಡಲೇ ಕತ್ತಿ ಗಲ್ಲದಿಂದ ಮೇಲೇಳುತ್ತಿತ್ತು. ತೂಗು ಬಂದು ಹೋದ ಮೇಲೆ ಬಿಟ್ಟ ಕಡೆಯೇ ಕೂರುತ್ತಿತ್ತು. ಎಷ್ಟೋ ಮಂದಿ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು.

ಆ ಕತ್ತಿ ಒಂದು ಮಧ್ಯಾಹ್ನ ನನ್ನ ದವಡೆಯ ಕೆಳಗೆ ಇಳಿಯಿತು. ಶುಕ್ರವಾರದ ನಮಾಜಿಗೆ ಮೊದಲು ದಾಡಿ ಮಾಡಿಸಿಕೊಳ್ಳೋಣವೆಂದು ಹೋಗಿ ಕುಳಿತಿದ್ದೆ. ಕಣ್ಣು ಮುಚ್ಚಿದ್ದೆ. ತೂಗು ಬಂದಾಗ ಕುರ್ಚಿ ಓಲಾಡಿತು, ಚರ್ಮ ಸುಟ್ಟ ಹಾಗಾಯಿತು, ಕಣ್ಣು ಬಿಟ್ಟರೆ ಕನ್ನಡಿಯಲ್ಲಿ ಸಾಬೂನಿನ ನೊರೆಯೆಲ್ಲ ಕೆಂಪಾಗಿತ್ತು. ಗಾಯ ಆಳದ್ದಲ್ಲ. ಇನ್ನೆರಡು ಬೆರಳು ಕೆಳಗಾಗಿದ್ದರೆ ಇದನ್ನು ಹೇಳಲು ನಾನಿರುತ್ತಿರಲಿಲ್ಲ. ಗದಿಗೆಪ್ಪ ಪಟಕದ ಕಲ್ಲು ಒದ್ದೆ ಮಾಡಿ ಗಾಯಕ್ಕೆ ಒತ್ತಿ ಹಿಡಿದ. ಅವನ ಕಣ್ಣು ಮಾತ್ರ ನನ್ನನ್ನು ಬಿಟ್ಟು ಹಲಗೆ ಗೋಡೆಯನ್ನೇ ನೋಡುತ್ತಿತ್ತು. ಆಮೇಲೆ ಬಾಗಿಲು ಹಾಕಿಕೊಂಡು ಹೊರಟುಹೋದ.

ಸಂಜೆ ನನ್ನ ಅಂಗಡಿಗೆ ಬಂದು ಬಟ್ಟೆಯ ಚೂರುಗಳನ್ನು ಸರಿಸಿ ಬಾಕಿನ ಮೇಲೆ ಕುಳಿತ. ಬಹಳ ಹೊತ್ತು ನನ್ನ ಮಷೀನನ್ನು ನೋಡಿದ.

"ನಿನ್ನ ಮಷೀನ ಆಗ ನಿಂತಿತ್ತು, ಮೌಲಾಲಿ" ಎಂದ.

"ನಾನ ನಿನ್ನ ಕುರ್ಚಿ ಮ್ಯಾಲ ಇದ್ನಲ್ಲಣ್ಣ. ಮಷೀನ ಹೆಂಗ ನಡೀತೈತಿ?"

"ಅದ. ಅದು ನನಗ ಹೊಳೀಲೇ ಇಲ್ಲ."

ನನಗೆ ಅರ್ಥವಾಗಲಿಲ್ಲ. ಆಗ ಅವನು ಒಂದೊಂದಾಗಿ ಹೇಳಿದ. ಹೋದ ಬೇಸಿಗೆಯಲ್ಲಿ ಒಂದು ದಿನ ಅಂಗಡಿಯಿಂದ ಮನೆಗೆ ಹೋಗಿ ನೋಡಿದರೆ ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲವಂತೆ. ಎಲ್ಲಿ ಕಳಚಿತೋ ಗೊತ್ತಾಗಿರಲಿಲ್ಲ. ದವಾಖಾನೆಗೆ ಹೋದಾಗ ಡಾಕ್ಟರಮ್ಮ ಅಂಗಾಲಿಗೆ ಸೂಜಿ ಚುಚ್ಚಿದಳಂತೆ, ಇವನು ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡುತ್ತ ಕುಳಿತಿದ್ದನಂತೆ. ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ತಿಂದುಹಾಕಿದೆ, ಗುಳಿಗೆ ತಗೊಂಡರೆ ಮುಂದಕ್ಕೆ ಹೋಗದ ಹಾಗೆ ತಡೆಯಬಹುದು, ಹೋದದ್ದು ತಿರುಗಿ ಬರುವುದಿಲ್ಲ ಎಂದಳು. ಉದ್ಯೋಗ ಏನೆಂದು ಕೇಳಿದಳು. ಹೇಳಿದ ಮೇಲೆ ಸೂಜಿ ಎತ್ತಿಕೊಂಡು ಇನ್ನೊಂದು ಅಂಗಾಲಿಗೂ ಚುಚ್ಚಿ ನೋಡಿದಳು.

ತೂಗು ಎಲ್ಲರ ಮೈಗೂ ತಿಳಿಯುತ್ತದೆ, ಗದಿಗೆಪ್ಪನಿಗೂ ತಿಳಿಯುತ್ತಿತ್ತು. ನೂಕು ಹಾಗಲ್ಲ, ಅದು ತಿಳಿಯುವುದು ಅಂಗಾಲಿಗೆ ಮಾತ್ರ. ಅಂದಿನಿಂದ ಅವನು ಬೇರೆಯವರ ಅಂಗಾಲಿನಿಂದ ಬದುಕಲು ಕಲಿತ. ಮಾತಿನ ನಡುವೆ ಎದುರಿನವರ ಮುಖ ನೋಡಿ ತಾನೂ ಸುಮ್ಮನಾಗುತ್ತಿದ್ದ. ಅಂಗಡಿಯಲ್ಲಿ ಗಿರಾಕಿಗಳು ಕಣ್ಣು ಮುಚ್ಚಿರುತ್ತಿದ್ದರು, ಅಲ್ಲಿ ಅವನು ನನ್ನ ಮಷೀನಿನ ಸದ್ದು ಹಿಡಿದುಕೊಂಡ. ನೂಕು ಬಂದರೆ ನಾನು ಮಷೀನು ತುಳಿಯುವುದನ್ನು ಬಿಡುತ್ತೇನೆ, ಇಲ್ಲದಿದ್ದರೆ ತೂಗಿನಲ್ಲಿ ಹೊಲಿಗೆ ಸೊಟ್ಟಗಾಗುತ್ತದೆ, ಒಮ್ಮೊಮ್ಮೆ ಸೂಜಿ ಬೆರಳಿಗೇ ಹೋಗುತ್ತದೆ. ಹಲಗೆಯ ಆಚೆ ಸದ್ದು ನಿಂತ ಕೂಡಲೇ ಅವನು ಕತ್ತಿ ಎತ್ತುತ್ತಿದ್ದ. ಇಷ್ಟು ದಿನ ಹೀಗೇ ನಡೆದಿತ್ತು. ನಾನು ಕುರ್ಚಿಯಲ್ಲಿ ಕುಳಿತ ದಿನ ಗೋಡೆಯ ಆಚೆ ನಿಲ್ಲುವುದಕ್ಕೆ ಯಾವ ಸದ್ದೂ ಇರಲಿಲ್ಲ.

ಅಂಗಡಿ ಮುಚ್ಚಿಬಿಡು ಅಂದೆ. ಬೇರೆ ಏನಾದರೂ ಮಾಡು, ಹೊಟ್ಟೆಪಾಡಿಗೆ ದಾರಿ ಇದ್ದೇ ಇರುತ್ತದೆ ಅಂದೆ. ಅವನು ಆಗದೆಂದು ತಲೆಯಾಡಿಸಿದ.

"ಹೊಟ್ಟೀದಲ್ಲೋ. ಮಂದಿ ನನ್ನ ಮುಂದ ಬಂದು ಕಣ್ಣ ಮುಚ್ಚಿ ಗಂಟಲಾ ಎತ್ತಿ ಕೊಡ್ತಾರ. ಈ ಊರಾಗ ಮತ್ತ ಯಾರ ಮುಂದ ಹಂಗ ಕೊಡ್ತಾರ ಹೇಳು? ಅದನ್ನ ಬಿಟ್ಟು ನಾ ಎಲ್ಲಿ ಹೋಗಿ ಕುಂದರ್ಲಿ?"

ಹೆಂಡತಿ ಫಕೀರವ್ವನಿಗೂ ಅವನು ಹೇಳಿರಲಿಲ್ಲ. ಗುಳಿಗೆಗಳು ತಲೆಸುತ್ತಿಗೆ ಎಂದು ಅವಳು ನಂಬಿದ್ದಳು. ನಾನೂ ಹೇಳಬಾರದೆಂದು ಮಾತು ತೆಗೆದುಕೊಂಡ. ಮತ್ತೆ ಒಂದು ಬೇಡಿಕೆ ಇಟ್ಟ: ತಾನು ದಾಡಿ ಮಾಡುವಾಗಲೆಲ್ಲ ನನ್ನ ಮಷೀನು ನಡೆಯುತ್ತಿರಬೇಕು. ಆಯಿತು ಅಂದೆ. ಆ ಮಾತು ಎಷ್ಟು ಭಾರದ್ದೆಂದು ಆಗ ನನಗೆ ಗೊತ್ತಿರಲಿಲ್ಲ.

ಹೊಲಿಯಲು ಬಟ್ಟೆ ಇರಲಿ ಬಿಡಲಿ, ಆಚೆ ಗಿರಾಕಿ ಕುಳಿತರೆ ನಾನು ಖಾಲಿ ಮಷೀನು ತುಳಿಯಬೇಕು. ಚಹಾ ಕುಡಿಯಲು ನಿಲ್ಲುವ ಹಾಗಿಲ್ಲ, ದಾರ ಪೋಣಿಸಲು ನಿಲ್ಲುವ ಹಾಗಿಲ್ಲ. ಸೀರೆಯ ಅಂಚು ತಿರುಗಿಸಲು ಒಂದು ಗಳಿಗೆ ಕಾಲೆತ್ತಿದರೆ ಆಚೆ ಕತ್ತಿಯೂ ಎದ್ದು ನಿಲ್ಲುತ್ತಿತ್ತು. ಗಿರಾಕಿ ತೂಗಿಗಾಗಿ ಕಾಯುತ್ತಿದ್ದ, ತೂಗು ಬರುತ್ತಿರಲಿಲ್ಲ. ಗದಿಗೆಪ್ಪನಿಗೆ ಈಚೆಗೆ ಪುಕ್ಕಲು ಬಂದಿದೆ, ಬಾರದ ತೂಗಿಗೂ ಕೈ ಎತ್ತುತ್ತಾನೆ ಎಂದು ಜನ ನಗಲು ಶುರು ಮಾಡಿದರು. ನನಗೆ ರಾತ್ರಿ ಮಲಗಿದರೂ ಕಾಲು ನಿಲ್ಲುತ್ತಿರಲಿಲ್ಲ, ಚಾದರದೊಳಗೇ ತುಳಿಯುತ್ತಿತ್ತು. ಹೆಂಡತಿ ಬೇರೆ ಕಡೆ ಹಾಸಿಕೊಂಡಳು. ಗದಿಗೆಪ್ಪನದು ಅದಕ್ಕಿಂತ ಹೆಚ್ಚು. ಅವನಿಗೆ ಕುಳಿತಲ್ಲಿ ಕುಳಿತಿರಲು ಆಗುತ್ತಿರಲಿಲ್ಲ. ಗಿರಾಕಿ ಇಲ್ಲದಾಗ ರಸ್ತೆಗೆ ಬಂದು ನಿಂತು ಹೋಗಿಬರುವವರ ಕಾಲುಗಳನ್ನೇ ನೋಡುತ್ತಿದ್ದ. ಹೋಟೆಲಿನಲ್ಲಿ ಎಲ್ಲರ ಮಾತು ನಿಂತಾಗ ಇವನದೊಂದು ಮಾತು ಒಂದು ಗಳಿಗೆ ಹೆಚ್ಚು ಉಳಿದು ಬರಿಗಾಳಿಯಲ್ಲಿ ಕೇಳಿಸಿಬಿಡುತ್ತಿತ್ತು. ಕೆಲವರು ತಿರುಗಿ ನೋಡುತ್ತಿದ್ದರು. ಹೋಟೆಲಿಗೆ ಹೋಗುವುದನ್ನೇ ಬಿಟ್ಟ.

ಹೀಗಿರುವಾಗ ಕಸ್ತೂರಿ ಬಂದಳು. ಮೂಲೆಮನೆಯ ಹುಡುಗಿ, ಮದುವೆಯಾಗಿ ಬಹಳ ವರ್ಷ ಮಕ್ಕಳಾಗದೆ, ಈಗ ಒಂದು ಗಂಡುಮಗು ಆಗಿತ್ತು. ಮಗುವಿನ ಜವಳ ತೆಗೆಯಬೇಕು, ಕೆರೆಯ ದಂಡೆಯ ದೇವಿಕಟ್ಟೆಯ ಮುಂದೆ, ಗದಿಗೆಪ್ಪ ಕಾಕಾನೇ ಬರಬೇಕು ಎಂದಳು. ಅವಳ ಜವಳವನ್ನೂ ಅವಳ ಅಣ್ಣನ ಜವಳವನ್ನೂ ಅವನೇ ತೆಗೆದವನು. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಬೇಡ ಅಂತ ಅನ್ನುತ್ತಾನೆ ಎಂದುಕೊಂಡೆ. ಅವನು ಮಗುವಿನ ತಲೆಯ ಮೇಲೆ ಅಂಗೈ ಇಟ್ಟು, ನಡುನೆತ್ತಿಯ ಮೆತ್ತಗಿನ ಜಾಗವನ್ನು ಹೆಬ್ಬೆರಳಿನಿಂದ ಸವರಿ, ಬರುತ್ತೇನವ್ವ ಎಂದುಬಿಟ್ಟ.

ಅವಳು ಹೋದ ಮೇಲೆ ಅವನೊಂದಿಗೆ ಜಗಳವಾಡಿದೆ. ಕೆರೆಯ ದಂಡೆಗೆ ನನ್ನ ಮಷೀನು ಬರುವುದಿಲ್ಲ, ಕೂಸಿನ ತಲೆ ಅಂದರೆ ನನ್ನ ದವಡೆ ಅಲ್ಲ ಎಂದೆ. ಅವನಿಗೆ ಅದೆಲ್ಲ ಗೊತ್ತಿತ್ತು. ಅವನ ತಲೆಯಲ್ಲಿ ಬೇರೆ ಒಂದು ಓಡುತ್ತಿತ್ತು. ನೀರಿಗೆ ತೂಗು ಗೊತ್ತಿಲ್ಲವಲ್ಲ, ಎಂದ. ಅದು ನಿಜ. ನೂಕು ನೀರಿನಲ್ಲೂ ಹಾಯುತ್ತದೆ, ತೂಗು ಮಾತ್ರ ದಂಡೆಗೆ ಬಂದು ಅಲ್ಲೇ ಸಾಯುತ್ತದೆ. ಕೆರೆಯ ನಡುವೆ ಬಲೆ ಬೀಸುವ ಅಂಬಿಗರಿಗೆ ದಂಡೆಯ ಮರಗಳು ಅಲ್ಲಾಡುವುದು ಕಾಣುತ್ತದೆ ಹೊರತು ಮೈಗೆ ಏನೂ ಆಗುವುದಿಲ್ಲ. ಹರಿಗೋಲಿನಲ್ಲಿ ಕೂರಿಸಿಕೊಂಡು ಜವಳ ತೆಗೆದರೆ ಹೇಗೆ ಎಂಬುದು ಅವನ ಲೆಕ್ಕ.

ಮರುದಿನ ಬೆಳಿಗ್ಗೆ ಒಂದು ಹರಿಗೋಲು ಕೇಳಿ ಪಡೆದು ಇಬ್ಬರೂ ಹೋದೆವು. ನಡುನೀರಿನಲ್ಲಿ ನನ್ನನ್ನು ಎದುರಿಗೆ ಕೂರಿಸಿ ಗಲ್ಲಕ್ಕೆ ಸಾಬೂನು ಹಚ್ಚಿದ. ಗಾಳಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಹರಿಗೋಲಿನ ತಳಕ್ಕೆ ಯಾರೋ ಕೆಳಗಿನಿಂದ ಬೆರಳಲ್ಲಿ ಬಡಿದ ಹಾಗೆ ಟಕ್ಕೆಂದು ಸದ್ದಾಯಿತು. ಅದು ನೂಕು. ಗದಿಗೆಪ್ಪನ ಕಿವಿಗೆ ಅದು ಕೇಳಿಸಿತು. ಆಮೇಲೆ ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕಲ್ಲು ಹಿಡಿದುಕೊಂಡು ಕುಳಿತರು, ಬೇವಿನ ಮರ ಎಡಕ್ಕೂ ಬಲಕ್ಕೂ ತೊನೆಯಿತು, ನಾವು ಮಾತ್ರ ಕದಲಲಿಲ್ಲ. ಅಷ್ಟು ದಿನಗಳ ಮೇಲೆ ಅವನ ಮುಖದ ಗಂಟು ಬಿಚ್ಚಿದ್ದನ್ನು ಅಂದು ಕಂಡೆ. ಕತ್ತಿ ತೆರೆದು ನನ್ನ ಗಲ್ಲದ ಹತ್ತಿರ ತಂದ. ಅಷ್ಟರಲ್ಲಿ ಆಚೆ ದಡದಿಂದ ಗಾಳಿ ಎದ್ದಿತು. ನೀರು ಸಣ್ಣ ಸಣ್ಣ ಗುಡ್ಡೆಯಾಗಿ ಬಂದು ಹರಿಗೋಲನ್ನು ಎತ್ತಿ ಇಳಿಸತೊಡಗಿತು. ಹರಿಗೋಲು ತಿರುಗತೊಡಗಿತು. ಸಾಬೂನು ನನ್ನ ಕಿವಿಗೆ ಹೋಯಿತು, ಬ್ರಷ್ಷು ಕೈತಪ್ಪಿ ನೀರಿಗೆ ಬಿತ್ತು. ಅವನು ಕತ್ತಿ ಮಡಚಿ ಇಟ್ಟು, ತೇಲಿಹೋಗುತ್ತಿದ್ದ ಬ್ರಷ್ಷನ್ನು ನೋಡುತ್ತ ಕುಳಿತ. ಗಾಳಿಯ ಅಲೆಗೆ ಮುನ್ಸೂಚನೆ ಕೊಡುವ ನೂಕು ಇರುವುದಿಲ್ಲ. ಗಲ್ಲದ ಸಾಬೂನು ಹಾಗೇ ಒಣಗಿಸಿಕೊಂಡು ನಾನು ಊರೊಳಗೆ ನಡೆದುಬಂದೆ.

ಫಕೀರವ್ವನಿಗೆ ತಿಳಿದದ್ದು ಅದೇ ವಾರ. ಬಚ್ಚಲ ಒಲೆಯ ಮುಂದೆ ನಿಂತು ಅವನು ನೀರು ತೋಡಿಕೊಳ್ಳುತ್ತಿದ್ದ. ಒಲೆಯಿಂದ ಒಂದು ಕೆಂಡ ಉರುಳಿ ಬಂದಿತ್ತು, ಅದರ ಮೇಲೇ ನಿಂತಿದ್ದ. ಸುಟ್ಟ ವಾಸನೆಗೆ ಅವಳು ಓಡಿ ಬಂದಳು. ಗಂಡನನ್ನು ತಳ್ಳಿ ಕೂರಿಸಿ, ಕಾಲಿಗೆ ನೀರು ಸುರಿದು, ಅಂಗಾಲು ತಿರುವಿ ನೋಡಿದಳು. ಅವನು ಅಯ್ಯೋ ಎನ್ನಲಿಲ್ಲ. ಅವಳು ಬೆರಳಿನಿಂದ ಗಾಯದ ಅಂಚನ್ನು ಒತ್ತಿದಳು. ಆಗಲೂ ಅನ್ನಲಿಲ್ಲ. ಎಷ್ಟು ದಿನವಾಯಿತು ಎಂದು ಕೇಳಿದಳು. ಅವನು ಹೇಳಿದ. ಮತ್ತೆ ಯಾರಿಗೆ ಗೊತ್ತು ಎಂದು ಕೇಳಿದಳು. ನನ್ನ ಹೆಸರು ಹೇಳಿದ. ಮೌಲಾಲಿಗೆ ಹೇಳಿದಿರಿ, ಎಂದಷ್ಟೇ ಅಂದು ಅವಳು ಎದ್ದುಹೋದಳಂತೆ. ಎರಡು ದಿನ ರೊಟ್ಟಿ ತಟ್ಟಿ ಎದುರಿಗಿಟ್ಟಳು, ಮಾತಾಡಲಿಲ್ಲ.

ಮೂರನೆಯ ದಿನ ಅವಳಾಗಿಯೇ ಮಾತು ತೆಗೆದಳು. ಕಸ್ತೂರಿಗೆ ಹೋಗಿ ಇದ್ದದ್ದು ಹೇಳಿ ಬರೋಣ ಎಂದಳು. ಅವನು ಒಪ್ಪಲಿಲ್ಲ. ಇದೊಂದು ಜವಳ, ಆಮೇಲೆ ಕತ್ತಿ ಮುಟ್ಟುವುದಿಲ್ಲ ಎಂದ. ಕೊನೆಗೆ ಅವಳೇ ಸೋತಳು, ಒಂದು ಕರಾರು ಹಾಕಿ: ತಾನು ಬೆನ್ನ ಹಿಂದೆ ನಿಲ್ಲುತ್ತೇನೆ, ಅವನ ಎರಡು ಹೆಗಲ ನಡುವೆ ಅಂಗೈ ಇಟ್ಟುಕೊಂಡಿರುತ್ತೇನೆ, ತಾನು ಒತ್ತಿದ ಕೂಡಲೇ ಕತ್ತಿ ಮೇಲೇಳಬೇಕು. ಹಿತ್ತಲಿನಲ್ಲಿ ಒಂದು ಸೋರೆಕಾಯಿಗೆ ಸಾಬೂನು ಬಳಿದು ಇಬ್ಬರೂ ಅಭ್ಯಾಸ ಮಾಡಿದರು. ಸೋರೆಕಾಯಿಗೆ ಗೀರು ಬೀಳಲಿಲ್ಲ. ಆದರೂ ಜವಳದ ದಿನ ಬರುವವರೆಗೆ ಇಬ್ಬರ ಕಣ್ಣಿಗೂ ನಿದ್ದೆ ಹತ್ತಲಿಲ್ಲ ಎಂದು ಅವಳು ಆಮೇಲೆ ಹೇಳಿದಳು.

ದೇವಿಕಟ್ಟೆಯ ಮುಂದೆ ಚಾಪೆ ಹಾಸಿದ್ದರು. ಕಸ್ತೂರಿಯ ಅಣ್ಣ, ಮಗುವಿನ ಸೋದರಮಾವ, ಕಾಲು ಮಡಚಿ ಕುಳಿತು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ. ಬಂಧುಬಳಗ ಸುತ್ತ ನಿಂತಿತ್ತು. ನಾನೂ ಇದ್ದೆ. ಗದಿಗೆಪ್ಪ ಮಗುವಿನ ಕೂದಲಿಗೆ ಬಿಸಿನೀರು ಹಚ್ಚಿ ನಯವಾಗಿ ತಿಕ್ಕಿದ. ಫಕೀರವ್ವ ಹಿಂದೆ ನಿಂತು ಅವನ ಬೆನ್ನ ಮೇಲೆ ಅಂಗೈ ಇಟ್ಟಳು. ಗಂಡನಿಗೆ ತಲೆಸುತ್ತು ಬರುತ್ತದೆ, ಅದಕ್ಕೆ ಹಿಡಿದುಕೊಂಡಿದ್ದಾಳೆ ಎಂದು ಯಾರೋ ಹೆಂಗಸು ಪಕ್ಕದವಳಿಗೆ ತಿಳಿಸಿದಳು. ಕತ್ತಿ ಹಣೆಯಿಂದ ಹಿಂದಕ್ಕೆ ಹೋಯಿತು. ಕೂದಲು ಎಳೆಎಳೆಯಾಗಿ ವೀಳ್ಯದೆಲೆಯ ಮೇಲೆ ಬಿತ್ತು. ನಡುವೆ ಒಂದು ನೂಕು ಬಂತು. ಅವಳು ಒತ್ತಿದಳು, ಕತ್ತಿ ಎದ್ದಿತು, ತೂಗು ಬಂದು ಹೋಯಿತು, ಕತ್ತಿ ಮತ್ತೆ ಕೂತಿತು. ಯಾರಿಗೂ ಏನೂ ತಿಳಿಯಲಿಲ್ಲ. ನಾನು ಉಸಿರು ಬಿಟ್ಟೆ.

ಅರ್ಧ ತಲೆ ಮುಗಿದಿತ್ತು. ಆಗ ನನ್ನ ಅಂಗಾಲಿಗೆ ಬಂದ ನೂಕು ಮೆಲ್ಲನೆಯದಾಗಿರಲಿಲ್ಲ, ಗುದ್ದಿದ ಹಾಗಿತ್ತು. ಹತ್ತಿರದ್ದು. ಬೆನ್ನು ಒತ್ತಿ, ಅದು ಅವನಿಗೆ ತಿಳಿದು, ಅವನು ಕೈ ಎತ್ತುವಷ್ಟು ಹೊತ್ತು ಅದರಲ್ಲಿ ಇರಲಿಲ್ಲ. ಫಕೀರವ್ವ ಒತ್ತಲಿಲ್ಲ. ಅವನ ಹೆಗಲ ಮೇಲಿಂದ ಕೈ ಚಾಚಿ ಕತ್ತಿ ಹಿಡಿದ ಮುಂಗೈಯನ್ನೇ ಗಪ್ಪನೆ ಹಿಡಿದು ಮೇಲಕ್ಕೆಳೆದಳು. ತೂಗು ಬಂದು ಬಡಿಯಿತು. ಆರತಿಯ ತಟ್ಟೆ ಉರುಳಿತು, ನಿಂತವರು ಒಬ್ಬರನ್ನೊಬ್ಬರು ಹಿಡಿದುಕೊಂಡರು, ಮಗು ಚೀರಿತು. ಕತ್ತಿ ಗಾಳಿಯಲ್ಲಿತ್ತು. ಮಗುವಿನ ತಲೆಗೆ ಏನೂ ಆಗಿರಲಿಲ್ಲ. ಆದರೆ ನೂಕು ಬಂದ ಮೇಲೂ ಅವನ ಕೈ ಮುಂದೆ ಹೋಗುತ್ತಲೇ ಇದ್ದದ್ದನ್ನು ಅಲ್ಲಿದ್ದವರೆಲ್ಲರೂ ಕಂಡಿದ್ದರು.

ಅಷ್ಟು ಹತ್ತಿರದ ತೂಗಿನ ಹಿಂದೆ ಹೊರಳು ಬರುವುದುಂಟು. ಅದಕ್ಕೇ ಯಾರೂ ನಿಂತ ಜಾಗ ಬಿಡಲಿಲ್ಲ, ಯಾರೂ ಮಾತಾಡಲಿಲ್ಲ. ಎಲ್ಲರೂ ಮೆಲ್ಲಗೆ ನೆಲಕ್ಕೆ ಕುಳಿತರು. ಆ ಮೌನದಲ್ಲಿ ಕಸ್ತೂರಿ ಗದಿಗೆಪ್ಪನ ಕಾಲನ್ನು ನೋಡಿದಳು, ಬಟ್ಟೆ ಸುತ್ತಿದ ಅಂಗಾಲನ್ನು ನೋಡಿದಳು, ಆಮೇಲೆ ಮುಖ ನೋಡಿದಳು. ಫಕೀರವ್ವ ಇನ್ನೂ ಅವನ ಮುಂಗೈ ಬಿಟ್ಟಿರಲಿಲ್ಲ.

"ಕಸ್ತೂರಿ" ಎಂದ ಗದಿಗೆಪ್ಪ. "ನನ್ನ ಕಾಲಿಗೆ ನೂಕು ತಿಳೀವಲ್ದವ್ವ. ಬಾಳ ದಿನಾ ಆತು. ನಿನಗ ಹೇಳಬೇಕಿತ್ತು, ಹೇಳಲಿಲ್ಲ."

ಅವಳು ಉತ್ತರ ಕೊಡುವ ಮೊದಲೇ ಹೊರಳು ಬಂತು. ಕಟ್ಟೆ ಮೇಲೆದ್ದಿತು, ನಾವು ಮೇಲೆದ್ದೆವು, ಕೆರೆಯ ನೀರು ದಂಡೆಯ ಕಲ್ಲು ದಾಟಿ ಬಂದು ಚಾಪೆ ತೋಯಿಸಿತು. ನೆಲ ನಮ್ಮನ್ನೆಲ್ಲ ಒಂದು ಸುತ್ತು ಸುತ್ತಿಸಿ ಇದ್ದಲ್ಲಿಗೇ ತಂದು ಇಳಿಸಿತು. ಅದು ಹೋದ ಮೇಲೆ ಎಲ್ಲರ ಬಾಯಿಗಳೂ ಒಟ್ಟಿಗೆ ತೆರೆದುಕೊಂಡವು. ಸೋದರಮಾವ ಮಗುವನ್ನು ಎದೆಗವಚಿಕೊಂಡು ಎದ್ದು ನಿಂತು ಗದಿಗೆಪ್ಪನಿಗೆ ಬಾಯಿಗೆ ಬಂದದ್ದನ್ನು ಅಂದ. ಅದರಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಗದಿಗೆಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. ಕಸ್ತೂರಿಯ ಅತ್ತೆ, ಬಸ್‌ಸ್ಟ್ಯಾಂಡಿನ ಕಟಿಂಗ್ ಅಂಗಡಿಯವನನ್ನು ಕರೆಸಿ, ಅರ್ಧ ತಲೆ ಬಿಡುವ ಹಾಗಿಲ್ಲ ಎಂದು ಹಟ ಹಿಡಿದಳು. ಅಲ್ಲಿಯವನು ಮಷೀನಿನಲ್ಲಿ ಕೂದಲು ಕತ್ತರಿಸುವವನು, ಜವಳದ ಕತ್ತಿ ಹಿಡಿದವನೇ ಅಲ್ಲ ಎಂದು ಇನ್ಯಾರೋ ಅಂದರು.

ಕಸ್ತೂರಿ ಇದಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳು ಫಕೀರವ್ವನ ಕೈಯನ್ನೇ ನೋಡುತ್ತಿದ್ದಳು.

"ಕಾಕಿ, ನಿಮಗ ಬರತೈತೇನು?" ಎಂದಳು.

ಫಕೀರವ್ವ ಗಂಡನ ಕಡೆ ನೋಡಲಿಲ್ಲ. ಮದುವೆಗೆ ಮೊದಲು ತನ್ನ ಅಪ್ಪ ಕಲಿಸಿದ್ದ, ಮೂವರು ತಮ್ಮಂದಿರ ತಲೆಯನ್ನೂ ತಾನೇ ಬೋಳಿಸುತ್ತಿದ್ದೆ, ಈ ಮನೆಗೆ ಬಂದ ಮೇಲೆ ಯಾರೂ ಕೇಳಲಿಲ್ಲ ಎಂದಳು. ಗದಿಗೆಪ್ಪ ಬಾಯಿ ಬಿಟ್ಟುಕೊಂಡು ಅವಳನ್ನು ನೋಡಿದ. ಅಷ್ಟು ವರ್ಷ ಅವಳು ಮಸೆದು ಕೊಟ್ಟ ಕತ್ತಿಯಲ್ಲೇ ಅವನು ಕೆಲಸ ಮಾಡಿದ್ದ, ಇದನ್ನು ಮಾತ್ರ ಅವನು ಎಂದೂ ಕೇಳಿರಲಿಲ್ಲ. ಕತ್ತಿಯನ್ನು ತಿರುಗಿಸಿ ಹಿಡಿಕೆಯ ಕಡೆಯಿಂದ ಅವಳ ಮುಂದೆ ಹಿಡಿದ.

ಅವಳು ಕೈ ತೊಳೆದು, ಸೆರಗು ಸಿಕ್ಕಿಸಿ, ಮಗುವಿನ ಮುಂದೆ ಕುಳಿತಳು. ಅವಳ ಕೈ ಅವನಷ್ಟು ಚುರುಕಿನದಲ್ಲ. ಕಿವಿಯ ಹಿಂದಿನ ತಿರುವಿನಲ್ಲಿ ಬಹಳ ಹೊತ್ತು ತೆಗೆದುಕೊಂಡಳು. ನೂಕು ಬಂದಾಗ ಎತ್ತಿದಳು, ಬಾರದಾಗ ಎತ್ತಲಿಲ್ಲ. ಗದಿಗೆಪ್ಪ ಪಕ್ಕದಲ್ಲಿ ನೀರಿನ ಬಟ್ಟಲು ಹಿಡಿದು ನಿಂತಿದ್ದ. ಅವನ ಬಲಗೈ ಬಟ್ಟಲಿನ ಅಂಚಿನ ಮೇಲೆ ಅವಳ ಕೈಯ ಜೊತೆಜೊತೆಗೇ ಆಡುತ್ತಿತ್ತು.

ಊರು ಇದನ್ನು ಸುಲಭಕ್ಕೆ ಜೀರ್ಣಿಸಿಕೊಳ್ಳಲಿಲ್ಲ. ಹೆಂಗಸಿನ ಕೈಗೆ ಗಲ್ಲ ಕೊಡುವುದೇ ಎಂದು ಅರ್ಧ ಜನ ಬಸ್‌ಸ್ಟ್ಯಾಂಡಿನ ಕಡೆ ಹೋದರು. ಇಷ್ಟು ದಿನ ಕಾಲು ಸತ್ತವನ ಮುಂದೆ ಕಣ್ಣು ಮುಚ್ಚಿ ಕುಳಿತಿದ್ದೆವಲ್ಲ ಎಂದು ನೆನೆದು ಕೆಲವರು ಗಂಟಲು ಮುಟ್ಟಿಕೊಂಡರು. ಇಬ್ಬರು ಮೂವರು ಅಂಗಡಿಯ ಮುಂದೆ ಬಂದು ಬೈದೂ ಹೋದರು. ನಾನು ಹೋಗಿ ಕುರ್ಚಿಯಲ್ಲಿ ಕುಳಿತೆ, ಧೈರ್ಯದಿಂದಲ್ಲ, ಖಾಲಿ ಮಷೀನು ತುಳಿಯುವುದು ತಪ್ಪಿತಲ್ಲ ಎಂಬ ಸಂತೋಷದಿಂದ. ಫಕೀರವ್ವನ ಮುಖ ನನ್ನ ಮೇಲೆ ಬಗ್ಗಿದಾಗ ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಕಣ್ಣು ಮುಚ್ಚಿದೆ. ದಾಡಿ ಚೆನ್ನಾಗಿಯೇ ಆಯಿತು. ಆಮೇಲೆ ಮುದುಕರು ಬಂದರು, ಅವರ ಹಿಂದೆ ಉಳಿದವರು ಒಬ್ಬೊಬ್ಬರಾಗಿ.

ಗದಿಗೆಪ್ಪನಿಗೆ ಮಾತ್ರ ನೆಲೆ ಸಿಗಲಿಲ್ಲ. ಅಂಗಡಿಯ ಬಾಕಿನ ಮೇಲೆ ಕುಳಿತರೆ ಅವಳ ಕೈಯನ್ನೇ ನೋಡಿ, ಎತ್ತು, ಎತ್ತು ಎನ್ನುತ್ತಿದ್ದ. ನೀವು ಹಾಗೆ ಅನ್ನುತ್ತಿದ್ದರೆ ನನ್ನ ಕೈ ನಡುಗುತ್ತದೆ, ಹೊರಗೆ ಹೋಗಿ ಎಂದು ಅವಳು ಕಳಿಸುತ್ತಿದ್ದಳು. ಹೊರಗೆ ಹೋದವನು ಬೀದಿ ಬೀದಿ ಸುತ್ತಿ ಅದೇ ಬಾಗಿಲಿಗೆ ಬರುತ್ತಿದ್ದ. ತನ್ನ ದಾಡಿಯನ್ನು ತಾನು ಮಾಡಿಕೊಳ್ಳಲು ಈಗ ಅವನಿಗೆ ಅಂಜಿಕೆ. ಮಾಡಿಕೊಡು ಎಂದು ಹೆಂಡತಿಯನ್ನು ಕೇಳಲು ಬಾಯಿ ಬರಲಿಲ್ಲ. ಗಡ್ಡ ಬೆಳೆಯಿತು. ಬೆಳ್ಳಗೆ, ಪೊದೆಯಾಗಿ ಬೆಳೆಯಿತು. ಅವಳು ಅದನ್ನು ದಿನಾ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಕತ್ತರಿ ಮಸೆಸಿಕೊಳ್ಳಲು ನಾನು ಅವರ ಬಾಗಿಲಿಗೆ ಹೋದೆ. ಗದಿಗೆಪ್ಪ ಕುರ್ಚಿಯಲ್ಲಿ ಕುಳಿತಿದ್ದ. ಅಂಗಡಿ ಇಟ್ಟ ದಿನದಿಂದ ಅವನು ಆ ಕುರ್ಚಿಯಲ್ಲಿ ಹಾಗೆ ಒರಗಿದ್ದನ್ನು ನಾನು ಕಂಡಿರಲಿಲ್ಲ. ಕೊರಳಿಗೆ ಬಿಳಿ ಬಟ್ಟೆ, ಗಲ್ಲದ ತುಂಬ ನೊರೆ. ಎರಡೂ ಕೈ ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದಿದ್ದವು. ಕಣ್ಣು ತೆರೆದೇ ಇದ್ದವು, ಜಂತಿಯನ್ನು, ಕನ್ನಡಿಯನ್ನು, ನನ್ನ ಕಾಲನ್ನು, ಎಲ್ಲವನ್ನೂ ನೋಡುತ್ತಿದ್ದವು. ನಾನು ಒಳಗೆ ಹೋಗದೆ ಹೊಸ್ತಿಲಲ್ಲೇ ನಿಂತೆ.

ಫಕೀರವ್ವ ಒಂದು ಗಲ್ಲ ಮುಗಿಸಿ 'ಗದ್ದ ಎತ್ತರಿ' ಎಂದಳು. ಅವನು ಎತ್ತಿದ. ಕತ್ತಿ ಗಂಟಲಿನ ಮೇಲೆ ಕೆಳಗಿನಿಂದ ಮೇಲಕ್ಕೆ ಒಂದು ಸಲ ಬಂತು, ಎರಡು ಸಲ ಬಂತು. ಆಮೇಲೆ ನಿಂತಿತು. ನನ್ನ ಅಂಗಾಲಿಗೂ ತಿಳಿದಿತ್ತು. ಅವಳು ಕತ್ತಿಯನ್ನು ಎತ್ತಿ, ಹೆಗಲಿನ ಆಚೆ ಹಿಡಿದು, ನೊರೆ ಹತ್ತಿದ ಇನ್ನೊಂದು ಕೈಯನ್ನು ಅವನ ಎದೆಯ ಮೇಲೆ ಇಟ್ಟಳು.

"ಬಂತೇನು?" ಎಂದ ಅವನು.

"ಹ್ಞೂಂ."

"ಹತ್ತರದ್ದೋ, ದೂರದ್ದೋ?"

"ದೂರದ್ದು. ನೀವು ಕಣ್ಣ ಮುಚ್ಚರಿ."

ಅವನು ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದ. ಆಮೇಲೆ ಮುಚ್ಚಿದ. ತೂಗು ಬರುವುದಕ್ಕೆ ಇನ್ನೂ ಹೊತ್ತಿತ್ತು. ನಾವು ಮೂವರೂ ಕಾದೆವು.